ಮಾಟಗಾತಿಯ ಕೈ

ದೊಡ್ಡಮ್ಮನಿಗೆ ನಮಸ್ಕಾರ.

ಇಲ್ಲಿನ ಚಿತ್ರಶಾಲೆಯಲ್ಲಿ ಮೂರು ವಾರದಿಂದ ಒಂದೇ ಹಳೆಯ ಚಿತ್ರ ಶುಚಿ ಮಾಡುತ್ತಿದ್ದೇನೆ. ಹಳೆಯ ಮಸಿ ಬಿಡಲು ಹತ್ತಿಗೆ ಎಂಜಲು ಹಚ್ಚಿ ಮೆಲ್ಲಗೆ ಒರೆಸಬೇಕು. ಎಂಜಲು ಮಾಡಬೇಡವೆಂದು ಬೈಯುತ್ತಿದ್ದಿರಲ್ಲ, ಈಗ ಅದೇ ನನಗೆ ಅನ್ನ ಹಾಕುತ್ತಿದೆ. ಚಿತ್ರದ ತುಂಬ ಮಸಿಗತ್ತಲೆ, ನಡುವೆ ಕೂಸಿನ ಮೇಲೆ ಬಾಗಿದ ಮುದುಕಿ, ಅವಳ ಕೈಯಲ್ಲಿ ಚೂರಿಯಂಥ ಏನೋ ಹೊಳಪು. ಕೆಳಗಿನ ಫಲಕದಲ್ಲಿ 'ಮಾಟಗಾತಿ' ಎಂದಿದೆ. ಕಾವಲುಗಾರ ಅವಳನ್ನೇ ನೋಡುತ್ತ ಹಿಂದೆಹಿಂದೆಯೇ ಹೆಜ್ಜೆಯಿಟ್ಟು ಹೊರಗೆ ಹೋಗುತ್ತಿದ್ದ. "ಬೆನ್ನು ತೋರಿಸಿದ್ರೆ ಮನೆತನಕ ಬರ್ತಾಳೆ ಮೇಡಂ" ಎನ್ನುತ್ತಿದ್ದ.

ನಿನ್ನೆ ಆ ಕೈಯ ಮೇಲಿನ ಮಸಿ ಬಿಟ್ಟಿತು. ಚೂರಿಯಲ್ಲ, ಕತ್ತರಿ. ಪಕ್ಕದಲ್ಲಿ ಬಿಸಿನೀರಿನ ಬೋಗುಣಿ, ಹೊಕ್ಕುಳಬಳ್ಳಿಗೆ ಕಟ್ಟಿದ ದಾರ. ನಿಮ್ಮ ಹಾಗೆಯೇ ಸೂಲಗಿತ್ತಿ! ಕಾವಲುಗಾರ ಬಗ್ಗಿ ನೋಡಿ, "ಅಯ್ಯೋ, ಹೆರಿಗೆ ಮಾಡ್ಸೋ ಅಜ್ಜೀನಾ? ಹತ್ತು ವರ್ಷ ಸುಮ್ನೆ ಹೆದರಿದ್ನಲ್ಲ" ಎಂದ. ಇವತ್ತು ನೆಟ್ಟಗೆ ನಡೆದುಹೋದ.

ನನ್ನ ಕೆಮ್ಮು ವಾಸಿಯಾಗಿದೆ. ನಿಮ್ಮ ಮಂಡಿಗೆ ಎಣ್ಣೆ ತಿಕ್ಕುವುದು ತಪ್ಪಿಸಬೇಡಿ.

ಬೇಕೆಂದೇ ಇದನ್ನು ಕವರಿಗೆ ಹಾಕದೆ ಕಾರ್ಡಿನಲ್ಲಿ ಬರೆದಿದ್ದೇನೆ. ನಿಮ್ಮನ್ನೂ ಮಾಟಗಾತಿ ಎಂದು ಹೆದರಿ, ಕಂಡೊಡನೆ ರಸ್ತೆಯ ಆಚೆ ಬದಿಗೆ ಸರಿಯುವ ನಮ್ಮ ಬೀದಿಯವರಿಗೆಲ್ಲ ಅಂಚೆಯಣ್ಣ ಮನೆಮನೆಗೂ ಓದಿ ಹೇಳಲಿ. ಜಾಗ ಮುಗಿಯಿತು.

ನೀವು ಹೊಕ್ಕುಳಬಳ್ಳಿ ಕತ್ತರಿಸಿಯೂ ಗುಂಡುಕಲ್ಲಿನ ಹಾಗಿರುವ,
ನಿಮ್ಮ ತಂಗಿಯ ಮಗಳು