ಕಾಯದಂಗ, ಕಾಯ್ದಂಗ

ಹುಣಸಗಿ
೨೦ ಮೇ ೨೦೦೭

ಪ್ರೀತಿಯ ತಮ್ಮಾ ಅಮೋಘಸಿದ್ದ,

ಆರಾಮಾಗಿದ್ದೀಯಾ? ಹೈದರಾಬಾದಿನ ನಿನ್ನ ಪ್ರಯೋಗಶಾಲೆಯಲ್ಲಿ ಎ.ಸಿ. ಇದೆಯಲ್ಲ, ಬೇಸಿಗೆ ಬಂದದ್ದೇ ನಿನಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ನಲವತ್ತನಾಲ್ಕು ಡಿಗ್ರಿ. ನಮ್ಮ ಶಾಲೆಗೆ ರಜೆ ಇರುವುದರಿಂದ ನಾನು ಬದುಕಿದ್ದೇನೆ. ಅಪ್ಪನಿಗೆ ಯಾವ ರಜೆ? ಕಾಲುವೆ ಬಂದ ಮೇಲೆ ಊರ ಸುತ್ತಲಿನ ಬೀಳೆಲ್ಲ ಭತ್ತದ ಗದ್ದೆಯಾಯಿತು. ಕುರಿ ಮೇಯಿಸಲು ಗುಡ್ಡದ ತನಕ ಒಂದು ಹರದಾರಿ ನಡೆಯುತ್ತಾನೆ. ಮೊಣಕಾಲು ನೋವು ಹೇಗಿದೆ ಎಂದರೆ, "ಕುರಿಗಿ ನಾಕು ಕಾಲು ಅದಾವ, ನನಗ ಎರಡೇ, ನೋವೂ ಅರ್ಧ" ಅನ್ನುತ್ತಾನೆ.

ಇನ್ನು ನೀನು ಕೊಟ್ಟು ಹೋದ ಡಿಸ್ಕಿನ ಸುದ್ದಿ. ಅವ್ವ ಬೀಸುವಾಗ ಹಾಡಿದ ಹಾಡುಗಳ ಕ್ಯಾಸೆಟ್ಟನ್ನು ಹಳೇ ಮಾಲೆಂದು ನೀನೇ ಒಯ್ದೆ. ನಿಮ್ಮಲ್ಲಿ ಹೊಸದಾಗಿ ಮಾಡಿದ ಅಂಗೈಯಗಲದ ಡಿಸ್ಕಿಗೆ ಇಳಿಸಿ, ಸಂಕ್ರಾಂತಿಗೆ ಬಂದಾಗ ಅಪ್ಪನ ಕೈಗಿಟ್ಟೆ. ಕ್ಯಾಸೆಟ್ಟನ್ನು ಎಸೆದೆ. ಸುರಪುರ ತಾಲೂಕಿನ ಮಂದಿಯೆಲ್ಲ ಹಾಡಿದರೂ ಇದರಲ್ಲಿ ಹಿಡಿಸುತ್ತದೆ ಎಂದು ಹೆಮ್ಮೆಪಟ್ಟೆ. ಹಾಡಿದವಳು ಒಬ್ಬಳೇ ಇದ್ದಳಲ್ಲೋ! ಬೇರೆ ಪ್ರತಿ ಇಟ್ಟಿದ್ದೀಯಾ ಎಂದು ಕೇಳಿದ್ದಕ್ಕೆ, "ಯಾಕ ಬೇಕಕ್ಕಾ, ಇದೇ ಸಾಕು" ಅಂದಿದ್ದೆ.

ಯುಗಾದಿ ಮುಂದೆ ಫೋನ್ ಮಾಡಿ, "ಅಪ್ಪಾ, ಡಿಸ್ಕು ಕಾಯದಂಗ ನೋಡ್ಕೋ" ಅಂದೆ. ಆ ಗರಗರ ಲೈನಿನಲ್ಲಿ ಅಪ್ಪನ ಕಿವಿಗೆ ಬಿದ್ದದ್ದು "ಕಾಯ್ದಂಗ ನೋಡ್ಕೋ". ನೀನು ಹೇಳಿದ್ದು ಬಿಸಿಯಾಗದ ಹಾಗೆ. ಅವನು ಕೇಳಿದ್ದು ಕುರಿ ಕಾಯ್ದ ಹಾಗೆ. ಕಾಯುವುದೆಂದರೆ ಅವನ ಪಾಲಿಗೆ ಕಣ್ಣೆದುರು ಇಟ್ಟುಕೊಳ್ಳುವುದು. ಅವತ್ತಿನಿಂದ ಅದನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ದಿನವೂ ಗುಡ್ಡಕ್ಕೆ ಒಯ್ದ. ಉರಿಬಿಸಿಲಲ್ಲಿ ಬಂಡೆಯ ಮೇಲಿಟ್ಟು ಪಕ್ಕದಲ್ಲೇ ಕೂತು ರೊಟ್ಟಿ ತಿಂದ. ನಾನು ನೋಡಿ ನಕ್ಕಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೊನ್ನೆ ಅಪ್ಪನನ್ನು ಒಪ್ಪಿಸಿ ಡಿಸ್ಕನ್ನು ನಾನೊಬ್ಬಳೇ ಸುರಪುರಕ್ಕೆ ಒಯ್ದು, ಕಂಪ್ಯೂಟರ್ ಅಂಗಡಿಯ ಮೈನುದ್ದೀನನ ಹತ್ತಿರ ಹಚ್ಚಿಸಿದೆ. ಎರಡು ತಾಸು ತಿಣುಕಿದ. "ಅಕ್ಕಾರ, ತಿರಗಾಕತ್ತೈತ್ರಿ, ಆದ್ರ ಬರದದ್ದೆಲ್ಲ ಅಳಿಸಿ ಹೋಗೇತ್ರಿ" ಅಂದ.

ಮನೆಗೆ ಬಂದು ನಿನ್ನ ಹಳೆ ಪತ್ರ ತೆಗೆದೆ. ಹೋದ ದೀಪಾವಳಿಗೆ ನೀನೇ ಬರೆದಿದ್ದೀ: ಸಣ್ಣ ಜಾಗದಲ್ಲಿ ಹೆಚ್ಚು ಬರೆದಿಡಬೇಕಾದರೆ ಡಿಸ್ಕಿನ ಮೇಲಿನ ಕಾಂತದ ಕಣ ಸಣ್ಣದಾಗಬೇಕು, ತೀರ ಸಣ್ಣದಾದ ಕಣ ಬಿಸಿಗೆ ತನ್ನ ದಿಕ್ಕು ಹಿಡಿದು ನಿಲ್ಲದೆ ತಿರುಗಿಬಿಡುತ್ತದೆ, ಆಗ ಬರೆದದ್ದು ಅಳಿಯುತ್ತದೆ, ನಮ್ಮ ಹೊಸ ಡಿಸ್ಕುಗಳ ಕಾಟವೇ ಇದು ಎಂದು. ಓದಿ ಹೇಳಿದಾಗ ಅಪ್ಪ ಅಂದಿದ್ದ: "ದೊಡ್ಡ ಕುರಿ ಬಿಸಲಾಗ ತಲಿ ತಗ್ಗಿಸಿ ನಿಲ್ತಾವ, ಮರಿ ದಿಕ್ಕೆಡತಾವ. ಇದಕ್ಕ ಇಷ್ಟು ಓದಬೇಕಾ?" ನಾವಂತೂ ಅದನ್ನು ಅಲ್ಲಿಗೇ ಮರೆತೆವು. ನೀನೂ ದೀಪಾವಳಿಗೆ ಗೊತ್ತಿದ್ದದ್ದನ್ನು ಸಂಕ್ರಾಂತಿಗೆ ಮರೆತೆಯೇನು? ನಿಮ್ಮ ತಣ್ಣಗಿನ ಕೋಣೆಯಲ್ಲೇ ನಂಬಿಕೆಯಿಲ್ಲದ ವಸ್ತುವನ್ನು ನಮ್ಮ ಬಿಸಿಲಿಗೆ ಕೊಟ್ಟು ಹೋದೆ. ಅವ್ವನ ದನಿಯ ಮೇಲೆ ನಿನ್ನ ಪರೀಕ್ಷೆ ನಡೆಸಿದೆಯೋ ಅನ್ನಿಸಿ ಹೊಟ್ಟೆ ಉರಿಯುತ್ತದೆ. ಅವಳು ಸತ್ತಾಗಲೂ ನೀನು ಬಂದದ್ದು ಮೂರನೇ ದಿನಕ್ಕೆ. ರಾತ್ರಿ ಹತ್ತಿದರೆ ಬೆಳಗಿಗೆ ಇಳಿಸುವ ಬಸ್ಸಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನ ಪೂರ್ತಿ ಆಶೀರ್ವಾದವಿದೆ. ನನ್ನದು ಈ ಸಲ ಅರ್ಧ.

ನಿನ್ನ ಅಕ್ಕ,
ಶೇಖಮ್ಮ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಡಿಸ್ಕು ಖಾಲಿಯೆಂದು ಅಪ್ಪನಿಗೆ ಹೇಳಿಲ್ಲ. ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ ಎಂದೆ. ಜೂನ್ ಮೂರಕ್ಕೆ ಅವ್ವನ ವರ್ಷದ ದಿನ. "ಅಕಿ ಹಾಡು ಕೇಳಾಕ ಬರ್ರಿ" ಎಂದು ಓಣಿಗೆಲ್ಲ ಹೇಳಿ ಬಂದಿದ್ದಾನೆ. ಅದಕ್ಕಿಂತ ಮೊದಲು ನೀನು ಬಂದು, ಕೆಟ್ಟ ವಸ್ತು ಕೊಟ್ಟ ತಪ್ಪು ನಿನ್ನದೆಂದು ಅವನೆದುರು ಬಾಯಿಬಿಟ್ಟು ಹೇಳಬೇಕು. ಬಿಸಿಲಿನ ಮಾತು ಎತ್ತಬೇಡ. ತಾನು ಕಾಯ್ದದ್ದಕ್ಕೇ ಅದು ಕಾಯ್ತು ಎಂದು ಅವನಿಗೆ ಗೊತ್ತಾಗಬಾರದು. ಇವತ್ತೂ ಕಂಬಳಿಯಲ್ಲಿ ಸುತ್ತಿಕೊಂಡೇ ಹೋಗಿದ್ದಾನೆ.