ಅಕ್ಕನ ಅಳತೆಗಳು

೧೪ ನವೆಂಬರ್, ಗುರುವಾರ, ರಾತ್ರಿ

ಪರದೆ ಇನ್ನೂ ಅರವತ್ತಮೂರು ಪರ್ಸೆಂಟಿಗೇ ನಿಂತಿದೆ. ಊಟಕ್ಕೆ ಮುಂಚೆಯೂ ಅಷ್ಟೇ ಇತ್ತು.

ಹೊಸ ಆಪರೇಟಿಂಗ್ ಸಿಸ್ಟಮ್ ಇನ್ನೂ ಬಿಡುಗಡೆಯಾಗಿಲ್ಲ, ಇದು ಪರೀಕ್ಷೆಗಷ್ಟೇ, ದಿನಬಳಕೆಯ ಕಂಪ್ಯೂಟರಿಗೆ ಹಾಕಬೇಡಿ ಎಂದು ದಪ್ಪಕ್ಷರದಲ್ಲೇ ಬರೆದಿದ್ದರು. ಎಲ್ಲರಿಗಿಂತ ಮೊದಲು ನೋಡುವ ನನ್ನ ಚಪಲ ಕೇಳಬೇಕಲ್ಲ, ಅಕ್ಕನ ಕಂಪ್ಯೂಟರಿಗೇ ಹಾಕಲು ಹೊರಟೆ.

ಎರಡು ಕಾಲೂ ಒಂದೇ ಸಮ ಇಲ್ಲದವರಿಗೆ ಅಕ್ಕ ಬೂಟು ಹೊಲಿಯುತ್ತಾಳೆ. ಕಾಗದದಲ್ಲಿ ಬರೆದಿಟ್ಟಿದ್ದ ಹನ್ನೊಂದು ವರ್ಷದ ಪಾದದ ಅಳತೆಗಳನ್ನೆಲ್ಲ ಇದಕ್ಕೇ ಏರಿಸಿಟ್ಟಿದ್ದಾಳೆ.

"ನಕಲು ತೆಗೆದಿಟ್ಟಿದ್ದೀಯ ತಾನೆ?" ಎಂದು ಬೆಳಿಗ್ಗೆಯೇ ಕೇಳಿದಳು.

"ಇಟ್ಟಿದ್ದೀನಿ ಕಣಕ್ಕ" ಎಂದೆ. ಸುಳ್ಳಲ್ಲ. ಆದರೆ ಇಟ್ಟದ್ದು ಇದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಡಿಸ್ಕೇ ಹೋದರೆ ಎರಡೂ ಹೋಗುತ್ತವೆ ಎಂದು ಹೊಳೆದದ್ದು ಪರದೆ ನಿಂತ ಮೇಲೆ. ಸ್ವಿಚ್ ಆರಿಸಲೂ ಧೈರ್ಯವಿಲ್ಲ.

ಊಟವಾದ ಮೇಲೆ ಅಕ್ಕ ಬಾಗಿಲಲ್ಲಿ ನಿಂತು, "ಮುಗೀತಾ?" ಎಂದಳು.

"ಮುಗೀತಕ್ಕ, ಎಲ್ಲ ಸರಿಯಾಗಿದೆ." ಇದು ಸುಳ್ಳು.

"ಹಾಗಾದ್ರೆ ಆ ಹಳೇ ಕಾಗದದ ಅಳತೆಗಳು ಇನ್ಯಾಕೆ? ಬರೀ ಧೂಳು" ಎನ್ನುತ್ತಾ ಪಕ್ಕದ ಕೋಣೆಗೆ ಹೋದಳು.

ಈಗ ಅಲ್ಲಿಂದ ಹಾಳೆ ಹರಿಯುವ ಸದ್ದು ಬರುತ್ತಿದೆ. ಎದ್ದು ಹೋಗಿ ಹೇಳಬೇಕು. ಈ ಸಾಲು ಮುಗಿಸಿ ಎದ್ದೇಬಿಡುತ್ತೇನೆ.

ಅಗೋ, ಇನ್ನೊಂದು ಹರಿದಳು.