ಭಂಗಿ ಅಲ್ಲ ಅದು

ರಂಗಪಂಚಮಿ, ೧೯೩೮. ಪುಣೆ.

ಹೌದವ್ವಾ, ನಾನಽ ತಮ್ಮಗ ಭಂಗಿ ಕುಡಿಸೇನಿ. ಬೈಯಿ. ಬೈಗಳಾ ಸಾಲದಿದ್ದರ ಹೊಡಿ. ಖರೆ ಹೇಳಾಕ ನನಗ ಬಾಯಿಲ್ಲ.

ಗದಿಗೆಪ್ಪ ಒಂದ ಗುಟುಕೂ ಕುಡದಿಲ್ಲ. ಮಧ್ಯಾಹ್ನ ಕುಸ್ತಿ ತಾಲೀಮಿನ್ಯಾಗ ಎಲ್ಲಾರ ಮುಂದ, 'ನಮ್ಮಣ್ಣ ದಿನಾ ವಹಿ ಬರೀತಾನ, ಬರದದ್ದ ಅವಗಽ ಓದಾಕ ಬರೂದಿಲ್ಲ' ಅಂದ. ಎಲ್ಲಾರೂ ನಕ್ಕರು. ಸಿಟ್ಟಿಗೆ ಹೆಗಲ ಮ್ಯಾಲಿಂದ ಎತ್ತಿ ಒಗದೆ. ಮಣ್ಣಾಗ ಬೀಳಲಿಲ್ಲ. ಅಖಾಡಾದ ಕಲ್ಲಿನ ಅಂಚಿಗೆ ತಲಿ ಬಡೀತು.

ಎದ್ದ ಕುಂತ, ನಕ್ಕ. ಕುಸ್ತಿ ಕಲಿಸೂ ವಸ್ತಾದರು ತಲಿ ಮುಟ್ಟಿ ನೋಡಿ, 'ರಕ್ತ ಬಂದಿಲ್ಲ, ಏನೂ ಆಗಿಲ್ಲ' ಅಂತ ಅಖಾಡಾದ ಕೆಂಪ ಮಣ್ಣ ತಿಕ್ಕಿದರು.

ಮನೀಗೆ ಬರೂವಾಗ 'ಅಣ್ಣಾ, ಕುಸ್ತಿ ಯಾರ ಗೆದ್ದರು?' ಅಂತ ಹೆಜ್ಜಿಗೊಮ್ಮೆ ಅದನ್ನಽ ಕೇಳಿದ. ನೀನಽ ಅಂದೆ. ಮತ್ತ ಕೇಳಿದ. ಹೊಸ್ತಲದಾಗ ವಾಂತಿ ಮಾಡ್ಕೊಂಡ. 'ಹಬ್ಬ ಅಂತ ಭಂಗಿ ಕುಡಿಸಿದೇನು?' ಅಂತ ಅವ್ವ ಕೇಳಿದ್ದಕ್ಕ ಹೂಂ ಅಂದೆ. ಎಷ್ಟ ಸಲೀಸಾಗಿ ಅಂದೆ! ಆಕಿ ಡಾಕ್ಟರರಿಗೂ ಹಂಗಽ ಹೇಳಿ ಕಳಿಸಿದಳು. 'ಮಲಗಲಿ, ಇಳೀತದ' ಅಂದರಂತ.

ಈಗ ಗೊರಕಿ ಬ್ಯಾರೆ ನಮೂನಿ ಅದ. ಅಲಗಾಡಿಸಿದೆ, ಏಳಲಿಲ್ಲ. ಕಂದೀಲ ಹಿಡದು ರೆಪ್ಪಿ ಎತ್ತಿ ನೋಡಿದೆ. ಒಂದ ಕಣ್ಣಿನ ನಡುವಿನ ಕರಿಬೊಟ್ಟ ಸಣ್ಣದಾತು, ಇನ್ನೊಂದರದ್ದು ದೊಡ್ಡದಾಗೇ ಉಳೀತು. ಭಂಗಿ ಒಂದಽ ಕಣ್ಣಿಗೆ ಏರತದೇನು?

ಥೂ ನನ್ನ, ಬರಕೋತ ಕುಂತೇನಿ. ಡಾಕ್ಟರರ ಮನಿ ಬಡದು, ಭಂಗಿ ಅಲ್ಲರೀ, ನಾನಽ ಒಗದೇನಿ ಅಂತ ಹೇಳತೇನಿ. ಅವ್ವಾ, ನಾ ಹೊಂಟೆ. ಬಾಗಲಾ ಧಡ್ ಅಂತ ಹಾಕ್ಕೊಂಡ ಹೋಗತೇನಿ. ಆ ಸಪ್ಪಳಕ್ಕರೆ ಏಳೋ ಗದಿಗ್ಯಾ, ಎದ್ದು ನನಗ ಬೈಯೋ